ಕೈಯಲ್ಲಿ ಚೆಂಡಿಲ್ಲದ ಓಟ

ಸೋಮವಾರ, ಸೆಪ್ಟೆಂಬರ್ ೧೫
ಬೆಳಗಿನ ಕಾಫಿಯ ಹೊತ್ತು

ಪ್ರಿಯ ವೇಡ್,

ನಿನ್ನೆ ಆಟ ಮುಗಿದಾಗಿನಿಂದ ನೀನು ಫೋನ್ ಮಾಡುತ್ತಲೇ ಇದ್ದೀಯ, ನಾನು ಎತ್ತುತ್ತಲೇ ಇಲ್ಲ. ಸಿಟ್ಟಿನಿಂದಲ್ಲ, ಗಾಬರಿಯಾಗಬೇಡ. ಗೆದ್ದ ಸಂಗತಿಯನ್ನು ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅರ್ಧ ಹೇಳುವುದರೊಳಗೆ ಅದು ನಿನ್ನ ಗೆಲುವಾಗಿಬಿಟ್ಟಿರುತ್ತದೆ. ಹನ್ನೊಂದು ವರ್ಷ ನಿನ್ನ ಜೊತೆ ಸಂಸಾರ ಮಾಡಿದವಳಿಗೆ ಅಷ್ಟೂ ಗೊತ್ತಿಲ್ಲವೇ? ಅದಕ್ಕೇ ಈ ಕಾಗದ. ಒಂದು ದೊಡ್ಡ ಲೋಟ ಐಸ್ ಚಹಾ ತುಂಬಿಸಿಕೊಂಡು, ವರಾಂಡದ ಆ ಮುರುಕು ಕುರ್ಚಿಯಲ್ಲಿ ಕೂತು ಸಾವಕಾಶವಾಗಿ ಓದು. ನಡುವೆ ಏನಾದರೂ ಹೇಳಬೇಕೆನಿಸಿದರೆ ಬೇಲಿಯಾಚೆಯ ಹಸುಗಳಿಗೆ ಹೇಳು.

ಮೊದಲು ಮುಖ್ಯವಾದದ್ದನ್ನು ಬರೆದುಬಿಡುತ್ತೇನೆ. ನಿನ್ನ ಕಾಲೇಜು ಫುಟ್‌ಬಾಲ್ ತಂಡದಿಂದ ನಮ್ಮಲ್ಲಿಗೆ ಬಂದ ಹುಡುಗ ಐಸಯಾ ಟಾಲಿವರ್ ಗೆದ್ದ. ಅವನನ್ನು ನಂಬಿ ಕುತ್ತಿಗೆ ಚಾಚಿದ್ದ ನಾನೂ ಗೆದ್ದೆ. ಚೆಂಡು ಹಿಡಿದು ಓಡುವ ಯಾವ ದಪ್ಪ ಓಟಗಾರನನ್ನು ಕಾಲೇಜಿನಾಚೆ ವೃತ್ತಿ ತಂಡದವರು ಯಾರೂ ಮೂಸಿ ನೋಡುವುದಿಲ್ಲ ಎಂದು ಇಡೀ ಕೋಣೆ ನಕ್ಕಿತ್ತೋ, ಅದೇ ಕೋಣೆ ನಿನ್ನೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನೀನು ಗೆದ್ದೆಯೋ ಇಲ್ಲವೋ ಎನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ. ಅಲ್ಲಿಯವರೆಗೆ ನಿನ್ನ ಮೀಸೆ ತಿರುವಬೇಡ.

ಫೆಬ್ರವರಿಯಲ್ಲಿ ನಮ್ಮ ಆಯ್ಕೆಯ ಕೋಣೆಯಲ್ಲಿ ಏನಾಯಿತೆಂದು ನಾನು ನಿನಗೆ ಇದುವರೆಗೂ ಹೇಳಿಲ್ಲ. ಹೇಳಿದ್ದರೆ ನೀನು ಆ ಹುಡುಗನ ಕಿವಿಗೆ ಹಾಕುತ್ತಿದ್ದೆ, ಅವನ ಕಾಲಿನ ಬಲ ಅಲ್ಲೇ ಅರ್ಧ ಉಡುಗಿಹೋಗುತ್ತಿತ್ತು. ಆ ಕೋಣೆಯ ಒಂದಿಡೀ ಗೋಡೆಗೆ ಕಬ್ಬಿಣದ ಹಲಗೆ. ಕಾಲೇಜುಗಳಿಂದ ಹೊರಬರುವ ಆಟಗಾರರ ಹೆಸರಿನ ಪಟ್ಟಿಗಳು, ಒಬ್ಬೊಬ್ಬನಿಗೆ ಒಂದೊಂದು, ಅಯಸ್ಕಾಂತದಿಂದ ಅದಕ್ಕೆ ಅಂಟಿಕೊಂಡಿರುತ್ತವೆ. ಮೇಲಿದ್ದವನಿಗೆ ಮೊದಲು ಕರೆ, ಕೆಳಗಿದ್ದವನಿಗೆ ಕೊನೆಗೆ ಕರೆ. ಬಲಗಡೆ ಕಸದ ಬುಟ್ಟಿಯ ಮೇಲಿನ ಮೂಲೆಗೆ ಹೋದವನಿಗೆ ಕರೆಯೇ ಇಲ್ಲ. ಹೊಸ ಆಟಗಾರರನ್ನು ಹುಡುಕುವ ನಮ್ಮ ಸ್ಕೌಟುಗಳ ಯಜಮಾನ ಡ್ವೈಟ್ ಸ್ಟೆಂಗಲ್ ಹೇಗಿರುತ್ತಾನೆಂದು ನಿನಗೆ ಗೊತ್ತೇ ಇದೆ: ಬಾಯಲ್ಲಿ ಸೂರ್ಯಕಾಂತಿ ಬೀಜ, ಸಿಪ್ಪೆ ಉಗಿಯಲು ಕೈಯಲ್ಲಿ ಕಾಗದದ ಲೋಟ. ಟಾಲಿವರನ ಬಗ್ಗೆ ನೀನು ಕಳಿಸಿದ್ದ ಚಿತ್ರವನ್ನು ಅವನು ಪರದೆಯ ಮೇಲೆ ಹಾಕಿದ.

ಅಯ್ಯೋ ವೇಡ್! ಎದೆ ನಡುಗಿಸುವ ಡ್ರಮ್ಮಿನ ಸದ್ದು, ಬೆಂಕಿ ಹತ್ತಿ ಉರಿಯುವ ಅಕ್ಷರಗಳಲ್ಲಿ ಹುಡುಗನ ಹೆಸರು, ಆಮೇಲೆ ಒಂದರ ಹಿಂದೊಂದು ಉದ್ದುದ್ದ ಓಟ. ಯಾವ ಓಟದಲ್ಲೂ ಎದುರಿಗೆ ಒಂದು ನರಪಿಳ್ಳೆಯಿಲ್ಲ. ಇನ್ನೂರ ನಲವತ್ತು ಪೌಂಡಿನ ಹುಡುಗ ಖಾಲಿ ಹೆದ್ದಾರಿಯಲ್ಲಿ ಲಾರಿ ಹೋದಂತೆ ಹೋಗುತ್ತಾನೆ, ಹೋಗುತ್ತಲೇ ಇರುತ್ತಾನೆ. ನಾನು ತಲೆ ತಗ್ಗಿಸಿ ಕಾಫಿ ಲೋಟದೊಳಗೆ ನೋಡುತ್ತಾ ಕೂತೆ.

ಡ್ವೈಟ್ ಕೋಣೆಯತ್ತ ತಿರುಗಿದ. “ನೋಡ್ರಪ್ಪಾ, ಈ ಟೆಕ್ಸಸ್ ಕೋಚು ಹುಡುಗರನ್ನ ಬಟ್ಟೆ ಒಣಗಾಕಿದ ಹಾಗೆ ಮೈದಾನದ ಈ ತುದಿಯಿಂದ ಆ ತುದಿಗೆ ಹರಡ್ತಾನೆ. ಎದುರಿನವರು ಪಾಪ, ಅವರ ಹಿಂದೆ ಹೋಗ್ಲೇಬೇಕು. ನಡುವೆ ಬಯಲೋ ಬಯಲು. ಆ ಬಯಲಲ್ಲಿ ನಮ್ಮತ್ತೆ ಓಡಿದ್ರೂ ಎಂಟು ಗಜ ಸಿಗತ್ತೆ, ಅವಳಿಗೆ ಸೊಂಟ ನೋವು ಬೇರೆ” ಎಂದ. ಎಲ್ಲರೂ ನಕ್ಕರು. “ಇಲ್ಲಿ ಆ ಬಯಲು ಎಲ್ಲಿಂದ ತರ್ತೀರಿ? ಎಂಟು ಜನ ಗೋಡೆ ಕಟ್ಕೊಂಡು ನಿಂತಿರ್ತಾರೆ. ಇವನು ಹೋಗಿ ಆ ಗೋಡೆಗೆ ಹೊಡ್ಕೊಂಡು ಕೂರೋದನ್ನ ನಾವು ನೋಡ್ತಾ ಕೂರೋದಾ? ಒಂದ್ಸಲ ಕೈ ಸುಟ್ಕೊಂಡಿದ್ದು ಸಾಲ್ದಾ?”

ಕೈ ಸುಟ್ಟುಕೊಂಡ ಕಥೆ ಸುಳ್ಳಲ್ಲ. ನಿನ್ನಂಥವನೇ ಇನ್ನೊಬ್ಬ ಕೋಚಿನ, ಹುಡುಗರನ್ನು ಹೀಗೇ ಹರಡುವ ಸ್ಪ್ರೆಡ್ ಆಟದಿಂದ, ಅಂಕಿಅಂಶ ನೋಡಿ ಬಾಯಿ ಬಿಟ್ಟು, ಒಬ್ಬ ದೈತ್ಯ ಓಟಗಾರನನ್ನು ನಮ್ಮವರು ತಂದಿದ್ದರು. ಬಯಲಲ್ಲಿ ಅವನು ಸಿಂಹ, ಗೋಡೆಯೆದುರು ಬೆಕ್ಕಿನ ಮರಿ. ಎರಡನೆಯ ಚಳಿಗಾಲಕ್ಕೆ ಅವನನ್ನು ಮನೆಗೆ ಕಳಿಸಿದರು, ಅವನನ್ನು ಮೆಚ್ಚಿ ತಂದಿದ್ದ ಸ್ಕೌಟನ್ನೂ ಅವನ ಹಿಂದೆಯೇ ಕಳಿಸಿದರು. ನಾನು ಈಗ ಕೂರುವುದು ಆ ಸ್ಕೌಟಿನ ಕುರ್ಚಿಯಲ್ಲಿ.

ಆಮೇಲೆ ಡ್ವೈಟ್ ಚಿತ್ರವನ್ನು ನಿಲ್ಲಿಸಿ ಬೆರಳು ತೋರಿಸಿದ. “ಇಲ್ನೋಡಿ. ಬಾಲ್ ಕೈಗೆ ಬರೋ ಹೊತ್ತಲ್ಲಿ ಹೇಗೆ ನಿಂತಿದಾನೆ, ಬಸ್ಸಿಗೆ ಕಾಯೋನ ಥರ. ಅನುಮಾನದ ಮನುಷ್ಯ ಇವನು. ಸಣ್ಣಗಿರೋನು ಅನುಮಾನ ಪಟ್ರೆ ಹಾರಿ ತಪ್ಪಿಸ್ಕೋತಾನೆ. ಈ ಗಾತ್ರದೋನು ಅನುಮಾನ ಪಟ್ರೆ ಮುಗೀತು, ಮತ್ತೆ ವೇಗ ಹಿಡಿಯೋದ್ರೊಳಗೆ ಮೂರು ಜನ ಅವನ ಮೇಲಿರ್ತಾರೆ.” ಹಾಗೆಂದು ಟಾಲಿವರನ ಪಟ್ಟಿಯನ್ನು ಕಿತ್ತು ಕಸದ ಬುಟ್ಟಿಯ ಮೇಲಿನ ಮೂಲೆಗೆ ಅಂಟಿಸಿದ.

ನಾನು ಎದ್ದು ಹೋಗಿ ಅದರ ಮೇಲೆ ನನ್ನ ಕೆಂಪು ನಕ್ಷತ್ರ ಅಂಟಿಸಿದೆ.

ನಕ್ಷತ್ರದ ವಿಷಯ ನಿನಗೆ ಹೇಳಿದ್ದೆನೋ ಇಲ್ಲವೋ ನೆನಪಿಲ್ಲ. ನಮ್ಮಲ್ಲಿ ಪ್ರತಿ ಸ್ಕೌಟಿಗೂ ವರ್ಷಕ್ಕೆ ಒಂದೇ ಒಂದು ನಕ್ಷತ್ರ. ಅದನ್ನು ಯಾರ ಹೆಸರಿಗೆ ಅಂಟಿಸಿದರೂ ‘ಇವನು ನನ್ನವನು, ಇವನು ಮುಳುಗಿದರೆ ನಾನೂ ಮುಳುಗಿದೆ’ ಎಂದು ಬರೆದುಕೊಟ್ಟ ಹಾಗೆ. ಜಾಣರು ಅದನ್ನು ಎಲ್ಲರೂ ಮೊದಲೇ ಒಪ್ಪಿಕೊಂಡ ಹುಡುಗನಿಗೆ ಅಂಟಿಸಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಮೂಲೆಗೆ ಬಿದ್ದ ಹೆಸರಿಗೆ ಯಾರೂ ಅಂಟಿಸಿದ್ದಿಲ್ಲ. ನನ್ನ ಒಪ್ಪಂದ ಈ ವರ್ಷವೇ ಮುಗಿಯುವುದಿತ್ತು, ಅದೂ ಎಲ್ಲರಿಗೂ ಗೊತ್ತಿತ್ತು.

ಡ್ವೈಟ್ ಲೋಟ ಕೆಳಗಿಟ್ಟು, “ಲಿಡಿಯಾ, ಗಂಡನ ಹುಡುಗ ಅಂತ ಮಾಡ್ತಿದೀಯಾ?” ಎಂದು ಕೇಳಿದ.

“ಗಂಡನ ಮೇಲೆ ಅಷ್ಟು ಪ್ರೀತಿ ಇದ್ದಿದ್ರೆ ಈ ಹಿಮದ ಊರಲ್ಲಿ ಯಾಕೆ ಬಂದು ಕೂರ್ತಿದ್ದೆ ಡ್ವೈಟ್?” ಎಂದೆ. ಮತ್ತೆ ಎಲ್ಲರೂ ನಕ್ಕರು, ಈ ಸಲ ನನ್ನ ಪರವಾಗಿ. ನೋವಾಯಿತೇ? ಆಗಲಿ ಬಿಡು. ಆ ಗಳಿಗೆಗೆ ಅದೇ ಮಾತು ಬೇಕಿತ್ತು.

ಈಗ ನಾನು ಕಂಡದ್ದೇನು ಎಂದು ಕೇಳು. ಓಟಗಾರರನ್ನು ತೂಗಿ ನೋಡುವ ನಮ್ಮ ಕ್ರಮ ನಿನಗೆ ಗೊತ್ತಿರುವಂಥದೇ. ಚಿತ್ರ ಕತ್ತರಿಸುವವರು, ಅವನ ಕೈಗೆ ಚೆಂಡು ಬಂದ ಆಟಗಳನ್ನು ಮಾತ್ರ ಆಯ್ದು, ಒಂದು ಕಟ್ಟು ಮಾಡಿ ನಮ್ಮ ಮುಂದಿಡುತ್ತಾರೆ. ಉಳಿದದ್ದನ್ನು ನೋಡಿ ಏನು ಮಾಡುವುದು? ಚೆಂಡಿಲ್ಲದ ಓಟಗಾರನೆಂದರೆ ಪೆಟ್ರೋಲಿಲ್ಲದ ಕಾರು, ಹೊತ್ತು ದಂಡ. ಎಲ್ಲ ತಂಡಗಳೂ ಹಾಗೆಯೇ ಮಾಡುತ್ತವೆ. ನಾನು ಆ ಕಟ್ಟನ್ನು ಪಕ್ಕಕ್ಕಿಟ್ಟು, ನಿಮ್ಮ ಮೈದಾನದ ಎತ್ತರದ ಕ್ಯಾಮೆರಾ ಹಿಡಿದ ಪೂರ್ತಿ ಚಿತ್ರಗಳನ್ನು ತರಿಸಿಕೊಂಡೆ. ಕೆಲಸ ಅಂದಮೇಲೆ ಪೂರ್ತಿ ಮಾಡಬೇಕು, ಬೇರೇನಿಲ್ಲ.

ಆ ಹುಡುಗ ಬಸ್ಸಿಗೆ ಕಾಯುತ್ತಿರಲಿಲ್ಲ ವೇಡ್, ನಿನ್ನ ಅಪ್ಪಣೆಗೆ ಕಾಯುತ್ತಿದ್ದ. ಅವನು ಆಟ ನಡೆಸುವ ಕ್ವಾರ್ಟರ್‌ಬ್ಯಾಕಿನ ಪಕ್ಕದಲ್ಲಿ ನಿಂತಿರುತ್ತಾನೆ. ಆಟ ಶುರುವಾದ ಕೂಡಲೇ ಎರಡೂ ತೋಳು ತೆರೆಯುತ್ತಾನೆ, ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಅವನ ಹೊಟ್ಟೆಗೆ ಒತ್ತಿ, ಬಿಡದೆ, ಎದುರಿನ ಕಾವಲುಗಾರ ಯಾವ ಕಡೆ ಬಾಗುತ್ತಾನೆ ಎಂದು ನೋಡುತ್ತಾನೆ. ಕೊಡುವುದೋ, ಹಿಂದಕ್ಕೆ ಎಳೆದುಕೊಳ್ಳುವುದೋ ಆಮೇಲೆ ತೀರ್ಮಾನ. ಅಲ್ಲಿಯವರೆಗೆ ಓಟಗಾರ ಚೆಂಡನ್ನು ಕಸಿದುಕೊಳ್ಳುವ ಹಾಗಿಲ್ಲ, ಬೇಡವೆನ್ನುವ ಹಾಗೂ ಇಲ್ಲ. ಡ್ವೈಟ್ ಅನುಮಾನವೆಂದು ಬರೆದುಕೊಂಡದ್ದು ನೀನು ಕಲಿಸಿದ ವಿಧೇಯತೆಯನ್ನು. ಇದನ್ನು ಯಾರು ಬೇಕಾದರೂ ಹೇಳಬಹುದಿತ್ತು. ಯಾರೂ ಹೇಳಲಾಗದ್ದು ಇನ್ನೊಂದಿತ್ತು, ಅದು ಯಾರ ಕಟ್ಟಿನಲ್ಲೂ ಇರಲಿಲ್ಲ.

ಚೆಂಡನ್ನು ಹಿಂದಕ್ಕೆಳೆದುಕೊಂಡ ಮೇಲೆ ಟಾಲಿವರ್ ಏನು ಮಾಡುತ್ತಾನೆ? ಬೇರೆ ಓಟಗಾರರು ಎರಡು ಹೆಜ್ಜೆ ಹೋಗಿ, ಕತ್ತು ಹೊರಳಿಸಿ, ಚೆಂಡು ಎಲ್ಲಿ ಹೋಯಿತೆಂದು ನೋಡುತ್ತಾ ನಿಂತುಬಿಡುತ್ತಾರೆ. ಈ ಹುಡುಗ ಮಾತ್ರ ಖಾಲಿ ಹೊಟ್ಟೆಯ ಮೇಲೆ ಎರಡೂ ತೋಳು ಮಡಚಿಕೊಂಡು, ಬಾಗಿ, ಮನೆಯ ಕೂಸನ್ನು ಬೆಂಕಿಯಿಂದ ಹೊರಗೆ ತರುವವನ ಹಾಗೆ ನುಗ್ಗುತ್ತಾನೆ. ಎದುರಿನವರು ಅವನ ಕೈಯಲ್ಲಿ ಚೆಂಡಿದೆಯೆಂದೇ ನಂಬಿ ಮೇಲೆ ಬೀಳುತ್ತಾರೆ. ಒಬ್ಬನಲ್ಲ, ಇಬ್ಬರು, ಮೂವರು. ಅವನು ಅವರನ್ನು ಎಳೆದುಕೊಂಡೇ ಇನ್ನೂ ಎರಡು ಗಜ ಹೋಗಿ ಬೀಳುತ್ತಾನೆ. ಡ್ವೈಟ್ ಹುಡುಕುತ್ತಿದ್ದ ಗೋಡೆ ಅಲ್ಲೇ ಇತ್ತು, ಗೋಡೆಯನ್ನು ಅವನು ತಳ್ಳಿದ್ದೂ ಅಲ್ಲೇ ಇತ್ತು. ಚೆಂಡು ಮಾತ್ರ ಅಲ್ಲಿರಲಿಲ್ಲ, ಹಾಗಾಗಿ ಕತ್ತರಿ ಹಾಕುವವರು ಅದನ್ನೆಲ್ಲ ಕತ್ತರಿಸಿ ಎಸೆದಿದ್ದರು.

ನವೆಂಬರಿನಲ್ಲಿ ಆ ಮಳೆಯ ಆಟದಲ್ಲಿ ನೀವು ಹೀನಾಯವಾಗಿ ಸೋತಿರಲ್ಲ, ಅದರ ಕೊನೆಯ ಭಾಗ ನೋಡಿದೆ. ಪ್ರೇಕ್ಷಕರು ಎದ್ದು ಹೋಗಿದ್ದಾರೆ, ನಿನ್ನ ಅರ್ಧ ಹುಡುಗರು ಸಂಜೆಯ ವಾಯುವಿಹಾರಕ್ಕೆ ಬಂದವರಂತೆ ಓಡುತ್ತಿದ್ದಾರೆ. ಟಾಲಿವರ್ ಮಾತ್ರ ಕೆಸರಿನಲ್ಲಿ ಬರಿಗೈಲಿ ನುಗ್ಗಿ, ಬಿದ್ದು, ಎದ್ದು, ಹಲ್ಲಿನ ಕಾಪು ಸರಿಮಾಡಿಕೊಂಡು ಮತ್ತೆ ಬಂದು ಕ್ವಾರ್ಟರ್‌ಬ್ಯಾಕಿನ ಪಕ್ಕ ನಿಲ್ಲುತ್ತಿದ್ದಾನೆ. ನನ್ನ ಕಣ್ಣು ತುಂಬಿ ಬಂತು. ಈ ಕೆಲಸಕ್ಕೆ ಸೇರಿದಾಗಿನಿಂದ ಒಬ್ಬ ಆಟಗಾರನಿಗಾಗಿ ನಾನು ಅತ್ತದ್ದು ಅದೇ ಮೊದಲು.

ಇಷ್ಟೊಂದನ್ನು ಆ ಹುಡುಗನಿಗೆ ಕಲಿಸಿದವನು ನೀನು. ಅದನ್ನೇ ನಿನ್ನ ಚಿತ್ರದಲ್ಲಿ ಹಾಕದೆ ಬಿಟ್ಟವನೂ ನೀನೇ! ಬೆಂಕಿಯ ಅಕ್ಷರ ಹಾಕಲು ಹೊಳೆಯಿತು, ಇದು ಹೊಳೆಯಲಿಲ್ಲ. ನೀನು ಯಾವಾಗಲೂ ಹಾಗೇ. ಪ್ರತಿವರ್ಷ ನಮ್ಮ ಮದುವೆಯ ದಿನ ಬಂತೆಂದರೆ ಊರಿಗೆಲ್ಲ ಕಾಣುವ ಹಾಗೆ ನನ್ನ ಕಚೇರಿಗೆ ದೊಡ್ಡ ಹೂಗುಚ್ಛ ಕಳಿಸುತ್ತಿದ್ದೆ. ಚಳಿಗಾಲದ ಬೆಳಗುಗಳಲ್ಲಿ ನನಗಿಂತ ಮೊದಲೆದ್ದು ನನ್ನ ಕಾರಿನ ಗಾಜಿನ ಮಂಜು ಕೆರೆದು, ಸದ್ದಿಲ್ಲದೆ ಬಂದು ಮತ್ತೆ ಮಲಗಿಕೊಳ್ಳುತ್ತಿದ್ದೆಯಲ್ಲ, ಅದನ್ನು ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ. ಗಾಜು ತಾನಾಗಿಯೇ ಸ್ವಚ್ಛವಾಗುವುದಿಲ್ಲ ಎಂದು ನನಗೆ ತಿಳಿದದ್ದು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ.

ಇರಲಿ, ಅದು ಬೇರೆ ಮಾತು. ಮಾರ್ಚಿನಲ್ಲಿ ನಿಮ್ಮ ಕಾಲೇಜಿನಲ್ಲಿ ಹುಡುಗರ ಓಟ ಅಳೆಯುವ ದಿನ ನಾನು ಬಂದಿದ್ದೆ. ಮುಖ್ಯ ಕೋಚ್ ಎಲ್ಲಿ ಎಂದು ಕೇಳಿದರೆ ನಿನ್ನ ಸಹಾಯಕ ಕೆಮ್ಮಿ, “ಸಾಮಾನು ಕೋಣೇಲಿ ಹೆಲ್ಮೆಟ್ ಎಣಿಸ್ತಿದಾರೆ ಮೇಡಂ” ಎಂದ. ಮಾರ್ಚ್ ತಿಂಗಳಲ್ಲಿ, ಎಲ್ಲ ತಂಡಗಳ ಸ್ಕೌಟುಗಳೂ ಬಂದು ಕೂತಿರುವಾಗ, ಬಾಗಿಲು ಹಾಕಿಕೊಂಡು ಹೆಲ್ಮೆಟ್ ಎಣಿಸುವ ಕೋಚನ್ನು ನಾನು ಬೇರೆಲ್ಲೂ ಕಂಡಿಲ್ಲ. ಎಲ್ಲ ಸರಿಯಾಗಿದ್ದವೇ?

ಟಾಲಿವರ್ ಚಡ್ಡಿಯಲ್ಲಿ ತೂಕದ ಯಂತ್ರದ ಮೇಲೆ ನಿಂತ. ಸುತ್ತಲಿದ್ದವರು ಪಕ್ಕದವರ ಮುಖ ನೋಡಿಕೊಂಡು ಏನೋ ಗೀಚಿಕೊಂಡರು. ಹುಡುಗ ಇಳಿದುಹೋಗಿದ್ದ, ಕೆನ್ನೆ ಒಳಗೆ ಹೋಗಿತ್ತು. ಓಟದ ವೇಗ ಹೆಚ್ಚಲಿ ಎಂದು ನೀನು ಅವನನ್ನು ಉಪವಾಸ ಕೆಡವಿದ್ದೆಯಂತೆ. ವೇಗ ಕೂದಲೆಳೆಯಷ್ಟೂ ಹೆಚ್ಚಲಿಲ್ಲ, ಇದ್ದ ಗಾತ್ರವೂ ಹೋಯಿತು. ಹತ್ತಿರದಲ್ಲಿದ್ದ ಇನ್ನೊಂದು ತಂಡದ ಸ್ಕೌಟು, “ದಪ್ಪಾನೂ ಅಲ್ಲ, ಚುರುಕೂ ಅಲ್ಲ, ಇವನನ್ನ ಏನಂತ ಕರೀಬೇಕು?” ಎಂದು ಗೊಣಗಿ ಹೊರಟುಹೋದ. ಅವನು ಹೋದದ್ದು ನಮಗೆ ಒಳ್ಳೆಯದೇ ಆಯಿತು. ಆದರೆ ಆಗ ನಿನ್ನನ್ನು ಆ ಹೆಲ್ಮೆಟುಗಳ ರಾಶಿಯಿಂದ ಕಿವಿ ಹಿಡಿದು ಎಳೆದು ತರಬೇಕೆನಿಸಿತ್ತು.

ಮಧ್ಯಾಹ್ನ ಅವನನ್ನು ಪೇಟೆಯ ಹೊಗೆಮಾಂಸದ ಅಂಗಡಿಗೆ ಕರೆದೊಯ್ದೆ. ತಟ್ಟೆ ಮುಂದೆ ಬಂದಾಗ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ, ಎಂದಿನದಕ್ಕಿಂತ ಉದ್ದದ ಪ್ರಾರ್ಥನೆ ಇರಬೇಕು. “ಆರು ವಾರದಿಂದ ಬೇಯಿಸಿದ ಕೋಳಿ, ಸೊಪ್ಪು, ಕೋಳಿ, ಸೊಪ್ಪು ಮೇಡಂ. ಇನ್ನೊಂದು ವಾರ ಹೋಗಿದ್ರೆ ನಂಗೆ ಮೊಲದ ಥರ ಉದ್ದ ಕಿವಿ ಬರ್ತಿತ್ತು” ಎಂದ. ಅವನು ಎರಡನೆಯ ತಟ್ಟೆ ಮುಗಿಸಿದ ಮೇಲೆ, ಕೈಯಲ್ಲಿ ಚೆಂಡಿಲ್ಲದಾಗಲೂ ಯಾಕೆ ಅಷ್ಟು ಜೋರಾಗಿ ನುಗ್ಗುತ್ತೀಯ ಎಂದು ಕೇಳಿದೆ.

ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. “ನಾನು ನಿಧಾನ ಮಾಡಿದ್ರೆ ಎದುರಿನವ್ರಿಗೆ ಗೊತ್ತಾಗ್ಬಿಡತ್ತಲ್ಲ ಮೇಡಂ, ಬಾಲ್ ಇಲ್ಲ ಅಂತ. ಆಮೇಲೆ ಎಲ್ಲರೂ ನಮ್ಮ ಕ್ವಾರ್ಟರ್‌ಬ್ಯಾಕ್ ಮೇಲೆ ಹೋಗ್ತಾರೆ. ಅವನನ್ನ ನೋಡಿದೀರಲ್ಲ, ಕಡ್ಡಿ ಇದ್ದ ಹಾಗಿದಾನೆ” ಎಂದ. ಬೆರಳಿಗಂಟಿದ ಸಾರು ಒರೆಸಿಕೊಂಡು, “ಕೋಚ್ ಹೇಳ್ತಾರೆ, ಬರಿಗೈಲಿರೋ ನಿನ್ನ ಮೇಲೆ ಮೂರು ಜನ ಬಿದ್ರು ಅಂದ್ರೆ ಅದೇ ನಿನ್ನ ಟಚ್‌ಡೌನ್, ಬೋರ್ಡ್ ಮೇಲೆ ಯಾರೂ ಬರೆಯಲ್ಲ, ನಾನು ಬರ್ಕೋತೀನಿ ಅಂತ. ಪ್ರತಿ ಸೋಮವಾರ ಓದಿ ಹೇಳ್ತಾರೆ” ಎಂದ. ನಾನು ಸಾಸು ತರುವ ನೆಪದಲ್ಲಿ ಎದ್ದು ಹೋದೆ. ಆ ಮಾತು ನನಗೆ ನಿನ್ನ ದನಿಯಲ್ಲೇ ಕೇಳಿಸಿತು.

ಏಪ್ರಿಲಿನಲ್ಲಿ, ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟಿನ ಮೂರನೆಯ ದಿನ, ಹಲಗೆಯ ಮೇಲಿದ್ದ ಒಳ್ಳೆಯ ಹೆಸರುಗಳೆಲ್ಲ ಖಾಲಿಯಾಗಿ, ನಮ್ಮ ಸರದಿ ಬರುವುದಿತ್ತು. ನಮಗೆ ಓಟಗಾರ ಬೇಕೇ ಬೇಕಿತ್ತು. ಡ್ವೈಟ್ ಕೈ ಹೋದದ್ದು ಫ್ಲಾರಿಡಾದ ಒಬ್ಬ ಪುಟಾಣಿ ಓಟಗಾರನ ಹೆಸರಿಗೆ. ನಾನು, “ಆ ಹುಡುಗನ್ನ ಡಿಸೆಂಬರ್‌ನಲ್ಲಿ ನಮ್ಮ ಕೆರೆ ಕಡೆ ಗಾಳೀಲಿ ನಿಲ್ಲಿಸಿದ್ರೆ ಗಾಳಿಪಟ ಆಗ್ತಾನೆ” ಎಂದೆ. ಜಗಳ ಹತ್ತಿತು. ಡ್ವೈಟ್‌ಗೆ ಸ್ಪ್ರೆಡ್ ಆಟ ಎಂದರೆ ಸಾಕು, ಮುಖ ಕೆಂಪಾಗುತ್ತದೆ.

ಆಗ ಮೂಲೆಯಲ್ಲಿ ಹೆಣಿಗೆ ಹಾಕುತ್ತಾ ಕೂತಿದ್ದ ನಮ್ಮ ಮಾಲೀಕಳು, ಮುದುಕಿ ಹೆನ್ರಿಯೆಟಾ ವಾಸ್ಲರ್, ಸೂಜಿ ನಿಲ್ಲಿಸಿ, “ಜಗಳ ಆಮೇಲೆ ಆಡಿ, ಮೊದಲು ನಂಗೆ ಆ ದಪ್ಪ ಹುಡುಗನ್ನ ತೋರ್ಸಿ” ಎಂದಳು. ಗಂಡ ಸತ್ತ ಮೇಲೆ ತಂಡ ಆಕೆಯ ಕೈಗೆ ಬಂದಿದೆ. ಆಟ ಆಕೆಗೆ ಅಷ್ಟಕ್ಕಷ್ಟೇ, ಮನುಷ್ಯರನ್ನು ನೋಡುವುದು ಗೊತ್ತು. ನಾನು ಚೆಂಡಿನ ಒಂದು ಓಟವನ್ನೂ ಹಾಕಲಿಲ್ಲ. ಆ ಮಳೆಯ ಆಟದ ಕೊನೆಯ ಭಾಗ ಹಾಕಿದೆ. ಆಕೆ ಕನ್ನಡಕ ಏರಿಸಿ ನೋಡಿ, “ಆ ಹುಡುಗನ ಕೈಲಿ ಏನೂ ಇಲ್ವಲ್ಲ. ಮತ್ಯಾಕೆ ಎಲ್ಲರೂ ಅವನ ಮೇಲೇ ಬೀಳ್ತಿದಾರೆ?” ಎಂದು ಕೇಳಿದಳು.

“ಅದನ್ನೇ ನಾನು ಫೆಬ್ರವರಿಯಿಂದ ಹೇಳ್ತಿರೋದು ಮಿಸೆಸ್ ವಾಸ್ಲರ್” ಎಂದೆ.

ನಾನು ಒಂದರ ಹಿಂದೊಂದು ಹಾಕುತ್ತಾ ಹೋದೆ. ಅವನು ಬರಿಗೈಲಿ ನುಗ್ಗುವುದು, ಎದುರಿನ ದಾಂಡಿಗರು ಬೀಳುವುದು, ದೂರದಲ್ಲಿ ಇನ್ಯಾರೋ ಕುಣಿಯುವುದು. ಡ್ವೈಟ್ ಬೀಜ ಜಗಿಯುವುದನ್ನು ನಿಲ್ಲಿಸಿದ. “ಇದೆಲ್ಲ ನಮ್ಮ ಕಟ್ಟಲ್ಲಿ ಇರ್ಲಿಲ್ವಲ್ಲ. ಬಾಲ್ ಇಲ್ದಿರೋ ಆಟನೆಲ್ಲ ಕೂತು ನೋಡೋ ಕರ್ಮ ನಿಂಗ್ಯಾಕೆ ಬಂತು?” ಎಂದು ಕೇಳಿದ.

“ಸಂಬಳ ಕೊಡ್ತೀರಲ್ಲ” ಎಂದೆ.

ಮಿಸೆಸ್ ವಾಸ್ಲರ್ ಮತ್ತೆ ಹೆಣಿಗೆ ಕೈಗೆತ್ತಿಕೊಂಡು, “ನಂಗೆ ಆ ಹುಡುಗ ಬೇಕು” ಎಂದಷ್ಟೇ ಹೇಳಿದಳು. ಡ್ವೈಟ್ ಕಸದ ಬುಟ್ಟಿಯ ಮೇಲಿನ ಮೂಲೆಯಿಂದ ಪಟ್ಟಿ ಕಿತ್ತು ನನ್ನ ಕೈಗೆ ಕೊಡುತ್ತಾ, “ನಕ್ಷತ್ರ ನಿಂದು, ತಲೆನೂ ನಿಂದು” ಎಂದ. ಐಸಯಾಗೆ ಫೋನ್ ಮಾಡಿದವಳು ನಾನೇ. ಅವನಮ್ಮ ಕಿರುಚಿದ ಸದ್ದಿಗೆ ಅವನು ಏನು ಹೇಳಿದನೆಂದು ನನಗೆ ಕೇಳಿಸಲೇ ಇಲ್ಲ.

ಆಗಸ್ಟಿನ ಅಭ್ಯಾಸ ಪಂದ್ಯಗಳು ಹೇಗಾದವೆಂದು ನೀನು ಪತ್ರಿಕೆಯಲ್ಲಿ ಓದಿರುತ್ತೀಯ. ಮೊದಲ ಪಂದ್ಯದಲ್ಲಿ ಚೆಂಡು ಹಿಡಿದು ಗೋಡೆಗೆ ಹೊಡೆದುಕೊಂಡು ಬಿದ್ದ, ಎರಡನೆಯದರಲ್ಲಿ ಚೆಂಡನ್ನೇ ಕೈಬಿಟ್ಟ. ‘ಬಯಲ ಸಿಂಹ, ಭಾಗ ಎರಡು’ ಎಂದು ಇಲ್ಲಿಯ ಪತ್ರಿಕೆಯವರು ಬರೆದರು. ಡ್ವೈಟ್ ಆ ತುಣುಕನ್ನು ನನ್ನ ಮೇಜಿನ ಮೇಲಿಟ್ಟು ಹೋದ. ಅಮ್ಮನಿಗೆ ಫೋನ್ ಮಾಡಿ, ಮನೆಯ ಹಿಂದಿನ ಕೋಣೆ ಖಾಲಿ ಮಾಡಿಡು, ಬಂದರೂ ಬಂದೆ ಎಂದು ಹೇಳಿದ್ದೆ. ನಿನಗೆ ಹೇಳಬಾರದು ಎಂದು ಆಣೆಯನ್ನೂ ಹಾಕಿಸಿದ್ದೆ. ಭಾನುವಾರಗಳಂದು ನೀನು ಅವಳ ಕೈಯ ಏಪ್ರಿಕಾಟ್ ತುಂಬಿದ ಕೊಲಾಚಿ ಬನ್ನು ತಿನ್ನಲು ಹೋಗುವುದು ನನಗೆ ಗೊತ್ತಿಲ್ಲವೆಂದು ನೀವಿಬ್ಬರೂ ತಿಳಿದಿದ್ದೀರಿ.

ಈಗ ನಿನ್ನೆಯ ಆಟ. ನೀನು ಟೀವಿಯಲ್ಲಿ ನೋಡಿದೆ, ನಾನು ನೋಡಿದ್ದು ಬೇರೆ. ಮೊದಲರ್ಧದಲ್ಲಿ ಎಂಟು ಜನರ ಗೋಡೆ ಅವನನ್ನು ನುಂಗಿಹಾಕಿತು. ಜನ ಕೂಗಾಡಿದರು. ಮೂರನೆಯ ಭಾಗದಲ್ಲಿ ಅವನು ಅದೇ ಗೋಡೆಗೆ ಮತ್ತೆ ಹೆಗಲು ಕೊಟ್ಟ, ಈ ಸಲ ಕಾಲು ನಿಲ್ಲಿಸಲಿಲ್ಲ. ಗೋಡೆ ಒಂದು ಹೆಜ್ಜೆ ಹಿಂದೆ ಸರಿಯಿತು, ಇನ್ನೊಂದು ಹೆಜ್ಜೆ ಸರಿಯಿತು, ಆಮೇಲೆ ಮೂವರನ್ನು ಬೆನ್ನ ಮೇಲೆ ಹೊತ್ತುಕೊಂಡೇ ಹೊರಟುಬಿಟ್ಟ. ಕಿರುಚಿ ಕಿರುಚಿ ನನ್ನ ಗಂಟಲು ಬಿದ್ದುಹೋಗಿದೆ, ಈಗಲೂ ಕಪ್ಪೆಯ ಹಾಗೆ ಮಾತಾಡುತ್ತಿದ್ದೇನೆ. ಫೋನ್ ಎತ್ತದಿರುವುದಕ್ಕೆ ಅದೂ ಒಂದು ಕಾರಣ.

ಅಷ್ಟು ತಳ್ಳಿದ ಮೇಲೆ ಎದುರಿನವರಿಗೆ ಅವನೊಬ್ಬನೇ ಕಾಣುತ್ತಿದ್ದ. ಕೊನೆಯ ನಿಮಿಷ ಬಂತು, ನಾವು ಇನ್ನೂ ಹಿಂದಿದ್ದೆವು. ಕ್ವಾರ್ಟರ್‌ಬ್ಯಾಕ್ ಅವನ ಹೊಟ್ಟೆಗೆ ಚೆಂಡು ಒತ್ತಿದ. ಅವನು ತೋಳು ಮಡಚಿಕೊಂಡ, ಬಾಗಿದ, ನುಗ್ಗಿದ. ಇಡೀ ಗೋಡೆ ಅವನ ಮೇಲೆ ಕುಸಿಯಿತು. ಟೀವಿಯವರ ಕ್ಯಾಮೆರಾ ಕೂಡ ಮೋಸಹೋಗಿ ಆ ಗುಡ್ಡೆಯನ್ನೇ ತೋರಿಸುತ್ತಿತ್ತಂತೆ, ನಿಜವೇ? ಅಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್ ಹಿಂದಕ್ಕೆಳೆದುಕೊಂಡು ಎಸೆದ ಚೆಂಡು ಎಲ್ಲರ ತಲೆಯ ಮೇಲೆ ಹಾರಿ, ಎದುರಿನವರ ಕೊನೆಯ ಗೆರೆ ದಾಟಿ ಒಂಟಿಯಾಗಿ ನಿಂತಿದ್ದ ನಮ್ಮವನ ಕೈಗೆ ಬಿತ್ತು. ಟಚ್‌ಡೌನ್. ಗೆಲುವು. ಅವನು ಕುಣಿದ, ಎಲ್ಲರೂ ಅವನ ಹತ್ತಿರ ಓಡಿದರು.

ಮೇಲೆ ನಮ್ಮ ಗಾಜಿನ ಕೋಣೆಯಲ್ಲಿ ಡ್ವೈಟ್ ಮಾತ್ರ ಕುಣಿಯುವವನನ್ನು ನೋಡುತ್ತಿರಲಿಲ್ಲ. “ಲಿಡಿಯಾ, ನಮ್ಮ ಹುಡುಗ ಎಲ್ಲಿ?” ಎಂದು ಕೇಳಿದ.

“ಆ ಗುಡ್ಡೆ ಕೆಳಗೆ.”

“ಕೈಲೇನಿದೆ?”

“ಏನೂ ಇಲ್ಲ.”

ಅವನು ನಗಲು ಶುರುಮಾಡಿದ. ಆ ಮನುಷ್ಯ ನಗುವಾಗ ಹಲ್ಲು ಕಾಣಿಸುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕೆಳಗೆ ಒಬ್ಬೊಬ್ಬರಾಗಿ ಎದ್ದರು, ಕೊನೆಗೆ ಟಾಲಿವರ್ ಎದ್ದ, ಹಲ್ಲಿನ ಕಾಪು ಸರಿಮಾಡಿಕೊಂಡ. ಆಗಲೇ ಆ ಕೋಣೆಯವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು, ಟಚ್‌ಡೌನ್‌ಗೆ ಅಲ್ಲ, ಅವನು ಎದ್ದದ್ದಕ್ಕೆ. ಮಿಸೆಸ್ ವಾಸ್ಲರ್ ಹೆಣಿಗೆ ಬಿಸಾಕಿ ನನ್ನನ್ನು ತಬ್ಬಿಕೊಂಡಳು. ಡ್ವೈಟ್ ಜೇಬಿನಿಂದ ತನ್ನ ಪಾಲಿನ ಕೆಂಪು ನಕ್ಷತ್ರ ತೆಗೆದು ನನ್ನ ಕೋಟಿಗೆ ಅಂಟಿಸಿ, “ಮುಂದಿನ ವರ್ಷ ನಿಂಗೆ ಎರಡು” ಎಂದ. ಇನ್ನು ಮೇಲೆ ಯಾವ ಓಟಗಾರನನ್ನೂ ಕತ್ತರಿಸಿದ ಕಟ್ಟು ನೋಡಿ ತೂಗಬಾರದು, ಪೂರ್ತಿ ಚಿತ್ರ ನೋಡಬೇಕು ಎಂದು ಇವತ್ತು ಬೆಳಿಗ್ಗೆಯೇ ಎಲ್ಲರಿಗೂ ಹೇಳಿದ್ದಾನೆ. ಉಳಿದ ಸ್ಕೌಟುಗಳು ನನಗೆ ಶಾಪ ಹಾಕುತ್ತಿದ್ದಾರೆ. ನನ್ನ ಒಪ್ಪಂದ ಮುಂದುವರಿಯುತ್ತದೆ. ಹಿಂದಿನ ಕೋಣೆಯಲ್ಲಿ ತನ್ನ ಹೊಲಿಗೆ ಯಂತ್ರ ಮತ್ತೆ ಇಟ್ಟುಕೊಳ್ಳಬಹುದು ಎಂದು ಅಮ್ಮನಿಗೆ ಹೇಳು.

ಇದನ್ನೆಲ್ಲ ಓದಿ, ದಪ್ಪ ಓಟಗಾರರೆಲ್ಲ ಬಂಗಾರ ಎಂದು ಊರೆಲ್ಲ ಸಾರಿಕೊಂಡು ತಿರುಗಬೇಡ. ಈ ತಿಂಗಳು ಇನ್ನೂ ಇಬ್ಬರನ್ನು ನೋಡಿದೆ, ನಿನ್ನಂಥದೇ ಆಟ, ಟಾಲಿವರನಿಗಿಂತ ದೊಡ್ಡ ಗಾತ್ರ. ಚೆಂಡಿಲ್ಲದಾಗ ಒಬ್ಬ ನಡೆಯುತ್ತಾನೆ, ಇನ್ನೊಬ್ಬ ಜನರತ್ತ ಕೈಬೀಸುತ್ತಾನೆ. ಇಬ್ಬರಿಗೂ ಬೇಡ ಎಂದು ಬರೆದಿದ್ದೇನೆ.

ನೀನು ಗೆದ್ದೆಯೋ ಇಲ್ಲವೋ? ಗೆದ್ದೆ ವೇಡ್. ನಿನ್ನ ಬೆಂಕಿಯ ಅಕ್ಷರಗಳಿಂದ ಅಲ್ಲ, ಉಪವಾಸದಿಂದಲೂ ಅಲ್ಲ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಓಟಕ್ಕೂ ಬೆಲೆಯಿದೆ ಎಂದು ಒಬ್ಬ ಹುಡುಗನಿಗೆ ಪ್ರತಿ ಸೋಮವಾರ ಹೇಳಿದೆಯಲ್ಲ, ಅದರಿಂದ. ಆ ಗೆಲುವು ಪೂರ್ತಿ ನಿನ್ನದು, ನಾನು ಬರವಣಿಗೆಯಲ್ಲೇ ಕೊಡುತ್ತಿದ್ದೇನೆ. ಈಗ ಮೀಸೆ ತಿರುವಿಕೋ.

ಗಂಟಲು ಕಟ್ಟಿದ, ತುಂಬಾ ಸಂತೋಷದಲ್ಲಿರುವ,
ಲಿಡಿಯಾ

ತಾ.ಕ.: ಡ್ವೈಟ್‌ಗೆ ಸಂಬಳಕ್ಕಾಗಿ ನೋಡಿದೆ ಎಂದದ್ದು ಸುಳ್ಳು. ಕೆಲಸ ಅಂದಮೇಲೆ ಪೂರ್ತಿ ಮಾಡಬೇಕು ಎಂದು ನಿನಗೆ ಮೇಲೆ ಬರೆದದ್ದೂ ಸುಳ್ಳು. ಕಟ್ಟಿನಲ್ಲಿ ಓಟಗಾರ ಮಾತ್ರ ಇರುತ್ತಾನೆ. ಎತ್ತರದ ಕ್ಯಾಮೆರಾದ ಪೂರ್ತಿ ಚಿತ್ರದಲ್ಲಾದರೆ ಮೇಲಂಚಿನಲ್ಲಿ, ಗೆರೆಯಾಚೆ, ನೀನು ನಿಂತಿರುತ್ತೀಯ. ನಾನು ಅದನ್ನು ತರಿಸಿಕೊಂಡದ್ದು ನಿನ್ನನ್ನು ನೋಡಲು. ನಾನು ಕೊಡಿಸಿದ ಆ ಕಂದು ಜಾಕೆಟ್ಟನ್ನೇ ಇನ್ನೂ ಹಾಕಿಕೊಳ್ಳುತ್ತೀಯ, ಅದರ ಬಲಜೇಬು ಹರಿದು ನೇತಾಡುತ್ತಿದೆ. ಆ ಮಳೆಯ ಆಟದಲ್ಲಿ ನೀನು ಎಡಗಾಲಿಗೆ ಭಾರ ಹಾಕದೆ ನಿಂತಿದ್ದೆ. ಮಂಡಿಗೆ ಏನಾಗಿದೆಯೆಂದು ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗಲೇ ಈ ಹುಡುಗ ಬರಿಗೈಲಿ ನಿನ್ನ ಮುಂದೆ ನುಗ್ಗಿ ಹೋದದ್ದು. ಡಾಕ್ಟರಿಗೆ ಮಂಡಿ ತೋರಿಸು. ಅಕ್ಟೋಬರಿನಲ್ಲಿ ನಿಮ್ಮ ಆಟ ನೋಡಲು ಬರುತ್ತಿದ್ದೇನೆ, ಸೂಜಿ ದಾರ ತರುತ್ತೇನೆ. ಹೆಲ್ಮೆಟುಗಳನ್ನು ಮೊದಲೇ ಎಣಿಸಿಟ್ಟುಕೋ.